ಮಾವನ ಕಂಪ್ಯೂಟರಿಗೆ ಚಳಿ

ತಿಪಟೂರಿನಲ್ಲಿ ನಮ್ಮ ಸೋದರಮಾವನದೊಂದು ಪುಟ್ಟ ಅಂಗಡಿ ಇದೆ. ಡಿಟಿಪಿ, ಸ್ಕ್ರೀನ್ ಪ್ರಿಂಟಿಂಗ್, ಜೆರಾಕ್ಸ್, ಲ್ಯಾಮಿನೇಶನ್ ಅಂತೆಲ್ಲ ಬೋರ್ಡಿನಲ್ಲಿ ಬರೆಸಿದ್ದರೂ ಅನ್ನ ಹಾಕುವುದು ಲಗ್ನಪತ್ರಿಕೆಯೇ. ಅಂಗಡಿಯ ಮೂಲೆಯಲ್ಲಿ 2003ರಲ್ಲಿ ಕೊಂಡ ಪೆಂಟಿಯಂ 4 ಕಂಪ್ಯೂಟರು ಕೂತಿದೆ. ಹೋದ ಧನುರ್ಮಾಸದಲ್ಲಿ ನಾನು ಹೋದಾಗ ಅದರ ಪಕ್ಕದ ತಗಡು ಬಿಚ್ಚಿತ್ತು. ಒಳಗೆ, ಮದರ್‌ಬೋರ್ಡಿನಿಂದ ಒಂದು ಗೇಣು ದೂರದಲ್ಲಿ, 60 ವ್ಯಾಟಿನ ಬುರುಡೆ ಬಲ್ಬು ಉರಿಯುತ್ತಾ ನೇತಾಡುತ್ತಿತ್ತು. ಕೋಳಿಮರಿಗಳಿಗೆ ಕಾವು ಕೊಡಲು ಬುಟ್ಟಿಯೊಳಗೆ ಬಲ್ಬು ಇಳಿಬಿಡುತ್ತಾರಲ್ಲ, ಥೇಟ್ ಹಾಗೆ.

"ಇದೇನ್ ಮಾವ?"

"ಅದುಕ್ಕೆ ಚಳಿ ಕಣೆ. ಒಂದತ್ತು ನಿಮಿಷ ಕಾವು ಕೊಟ್ರೆ ತಾನೇ ಎದ್ದೇಳ್ತದೆ."

ನಾನು ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಹನ್ನೊಂದು ವರ್ಷದಿಂದ ಹುಡುಗರಿಗೆ ಸಾಲ್ಡರಿಂಗ್ ಹೇಳಿಕೊಡುತ್ತಿದ್ದೇನೆ. ಮೊದಲು ನಕ್ಕೆ. ಮಾವ ಬಲ್ಬು ಆರಿಸಿ ಕ್ಯಾಬಿನೆಟ್ಟಿನ ಸ್ವಿಚ್ ಒತ್ತಿದರು. ಬೀಪ್ ಅಂದು ಸ್ಕ್ರೀನು ಬಂತು. ನಗು ನಿಂತಿತು.

ಕತೆ ಏನೆಂದರೆ, ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಈ ಕಾಯಿಲೆ ಶುರುವಾಗಿದ್ದು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನು ಕಪ್ಪಗೇ ಇರುತ್ತದೆ. ಮತ್ತೆ ಒತ್ತು, ಮತ್ತೆ ಆರಿಸು. ಆರನೆಯದೋ ಏಳನೆಯದೋ ಸಲಕ್ಕೆ ಬರುತ್ತಿತ್ತು. ಒಮ್ಮೆ ಬಂದರೆ ಸಂಜೆವರೆಗೂ ತಕರಾರಿಲ್ಲ. ಚಳಿ ಶಿವರಾತ್ರಿಗೆ "ಶಿವ ಶಿವಾ" ಅಂತ ಓಡಿಹೋಯಿತಲ್ಲ, ಅದರ ಹಿಂದೆಯೇ ಕಂಪ್ಯೂಟರಿನ ಕಾಯಿಲೆಯೂ ಓಡಿಹೋಯಿತು. ಮುಂದಿನ ಕಾರ್ತಿಕ ಕಳೆಯುವ ಹೊತ್ತಿಗೆ ಹಾಜರ್. ಆಗ ಮಾವನ ತಲೆಗೆ ಬಲ್ಬು ಹೊಳೆದದ್ದು.

ಅಷ್ಟರಲ್ಲಿ ರಿಪೇರಿಯವರು ನೋಡಿ ಆಗಿತ್ತು. ಮೊದಲನೆಯವನು ರ‍್ಯಾಮ್ ಕಿತ್ತು, ಸ್ಕೂಲ್ ಮಕ್ಕಳ ರಬ್ಬರಿನಲ್ಲಿ ಅದರ ಹಲ್ಲುಗಳನ್ನು ಉಜ್ಜಿ, ಉಫ್ ಎಂದು ಊದಿ, ಮತ್ತೆ ಚುಚ್ಚಿ, ನೂರೈವತ್ತು ತೆಗೆದುಕೊಂಡು ಹೋದ. (ಈ ರಬ್ಬರ್ ಚಿಕಿತ್ಸೆಯನ್ನು ನಾನು ಗೇಲಿ ಮಾಡುವುದಿಲ್ಲ. ಹತ್ತರಲ್ಲಿ ನಾಲ್ಕು ಸಲ ಕೆಲಸ ಮಾಡುತ್ತದೆ.) ಎರಡನೆಯವನು ಬೋರ್ಡಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಬದಲಾಯಿಸಿದ. ಮೂರನೆಯವನು ಕೂತಲ್ಲಿಂದಲೇ "ಬೋರ್ಡು ಹೋಗಿದೆ ಸಾರ್, ಹೊಸಾ ಸಿಸ್ಟಂ ತಗೊಳ್ಳಿ" ಅಂದುಬಿಟ್ಟ. ಹೊಸ ಸಿಸ್ಟಂ ಮಾವನ ಹತ್ತಿರ ಇಲ್ಲದೆ ಇಲ್ಲ, ಎರಡು ಇವೆ. ಆದರೆ ಹಳೆಯ ಲಗ್ನಪತ್ರಿಕೆಗಳೆಲ್ಲ ಇರುವುದು ಈ ಮುದುಕನಲ್ಲಿ. ಪೇಜ್‌ಮೇಕರಿನಲ್ಲಿ ಮಾಡಿದ ಫೈಲುಗಳು, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರಸಂಕೇತ ಬಳಕೆಗೆ ಬರುವುದಕ್ಕೆ ಮುಂಚಿನ ಕನ್ನಡ ಫಾಂಟುಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "ಸುಖಾಗಮನ ಬಯಸುವವರು" ಹೋಗಿ ಇಂಗ್ಲಿಷ್ ಅಕ್ಷರ, ಪ್ರಶ್ನೆಚಿಹ್ನೆ, ಡಾಲರ್ ಗುರುತುಗಳ ಚಿತ್ರಾನ್ನವಾಗುತ್ತದೆ. ಫಾಂಟಿನ ಸಾಫ್ಟ್‌ವೇರಿಗೋ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ (ಆ ಸಾಫ್ಟ್‌ವೇರಿನ ಬೀಗದಕೈ) ಬೇಕು. ಆ ಇಪ್ಪತ್ತೈದು ತೂತಿನ ಪೋರ್ಟು ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಅಪ್ಪನ ಲಗ್ನಪತ್ರಿಕೆ ಮಾಡಿಸಿದವರೇ ಈಗ ಮಗಳದ್ದಕ್ಕೆ ಬಂದು "ಅದೇ ಥರ ಇರ್ಲಿ" ಅನ್ನುತ್ತಾರಂತೆ.

ಟಾರ್ಚ್ ಹಿಡಿದು ಒಳಗೆ ನೋಡಿದೆ. ಹುಡುಕಬೇಕಾಗಿಯೇ ಇರಲಿಲ್ಲ. ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ನಿಂತ, ಕರೆಂಟು ತುಂಬಿಟ್ಟುಕೊಳ್ಳುವ ಪುಟ್ಟ ಡಬ್ಬಿಗಳಾದ ಐದು ಕೆಪಾಸಿಟರುಗಳಲ್ಲಿ ನಾಲ್ಕರ ತಲೆ ಉಬ್ಬಿತ್ತು. ಕೆಪಾಸಿಟರಿನ ನೆತ್ತಿಯ ಮೇಲೆ ಕತ್ತರಿ ಗುರುತಿನ ಹಾಗೆ ಗೀರು ಹಾಕಿರುತ್ತಾರೆ. ಒಳಗೆ ಗ್ಯಾಸ್ ತುಂಬಿದರೆ ಸಿಡಿಯುವ ಬದಲು ಅಲ್ಲಿ ಸೀಳಲಿ ಅಂತ. ಚೆನ್ನಾಗಿರುವ ಕೆಪಾಸಿಟರಿನ ನೆತ್ತಿ ತಟ್ಟೆಯ ಹಾಗೆ ಸಮ. ಇವು ಕಾದ ಎಣ್ಣೆಯಲ್ಲಿ ಉಬ್ಬುವ ಪೂರಿಯ ಹಾಗಿದ್ದವು. ಒಂದರ ಗೀರು ಬಿರಿದು, ಕಂದು ಬಣ್ಣದ ಅಂಟು ಒಣಗಿ ಹಕ್ಕಳೆ ಕಟ್ಟಿತ್ತು. ಐದನೆಯದರ ನೆತ್ತಿ ಸಮವಾಗಿಯೇ ಇತ್ತು, ಆದರೆ ಅದು ಸ್ವಲ್ಪ ವಾಲಿ ನಿಂತಿತ್ತು. ಬುಡದ ರಬ್ಬರ್ ಬಿರಡೆ ಹೊರಗೆ ತಳ್ಳಿಕೊಂಡು ಬಂದಿತ್ತು. ಇಂಥವೇ ಜನರನ್ನು ಯಾಮಾರಿಸುವುದು. ಮೇಲೆ ನೋಡಿ "ಇದು ಸರಿ ಇದೆ" ಅಂತ ಬಿಟ್ಟುಬಿಡುತ್ತಾರೆ.

"ನಿಮ್ಮ ಬಲ್ಬು ಸರಿಯಾಗೇ ಹೇಳಿದೆ ಮಾವ," ಅಂದೆ.

ಮಾವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಎಸ್‌ಎಂಪಿಎಸ್ ಕೊಡುವುದು 12 ವೋಲ್ಟ್. ಈ ಪ್ರೊಸೆಸರಿಗೆ ಬೇಕಾಗಿರುವುದು ಒಂದೂವರೆ ವೋಲ್ಟಿನ ಆಸುಪಾಸು, ಆದರೆ ಕರೆಂಟು ಮಾತ್ರ 40 ಆಂಪಿಯರ್ ಹತ್ತಿರ. ಮನೆಯ ಗೀಸರ್ ಎಳೆಯುವುದೇ ಎಂಟೊಂಬತ್ತು ಆಂಪಿಯರ್. 12 ವೋಲ್ಟನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಮಾಡಿ, ಸುರುಳಿಗಳ ಮೂಲಕ ಹಾಯಿಸಿ ಒಂದೂವರೆಗೆ ಇಳಿಸುತ್ತದೆ ಮದರ್‌ಬೋರ್ಡು. ಹಾಗೆ ಬರುವ ಕರೆಂಟು ಮುನಿಸಿಪಾಲಿಟಿ ನೀರಿನ ಹಾಗೆ ಬಿಟ್ಟು ಬಿಟ್ಟು ಬರುತ್ತದೆ. ಕೆಪಾಸಿಟರುಗಳು ಮನೆ ಮೇಲಿನ ಟ್ಯಾಂಕು. ಬಂದಾಗ ತುಂಬಿಕೊಂಡು, ಬಾರದಾಗ ಕೊಟ್ಟು, ನಲ್ಲಿಯಲ್ಲಿ ನೀರು ಒಂದೇ ಸಮ ಬೀಳುವ ಹಾಗೆ ನೋಡಿಕೊಳ್ಳುತ್ತವೆ.

ಟ್ಯಾಂಕಿನ ಪೈಪಿನಲ್ಲಿ ಪಾಚಿ ಕಟ್ಟಿಕೊಂಡರೆ? ಟ್ಯಾಂಕಿನಲ್ಲಿ ನೀರಿದ್ದೂ ನಲ್ಲಿ ತೊಟ್ಟಿಕ್ಕುತ್ತದೆ. ಆ ಪಾಚಿಗೆ ನಮ್ಮಲ್ಲಿ ಇಎಸ್‌ಆರ್ ಅನ್ನುತ್ತೇವೆ, ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸು. ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವಿಟ್ಟು ಸುತ್ತಿದ್ದೇ ಈ ಕೆಪಾಸಿಟರು. ದ್ರವ ಒಣಗುತ್ತಾ ಹೋದಂತೆ ಇಎಸ್‌ಆರ್ ಏರುತ್ತದೆ. ಉಳಿದ ದ್ರವಕ್ಕೆ ಚಳಿ ಹಿಡಿದರೆ ಇನ್ನೂ ಏರುತ್ತದೆ, ಬಿಸಿಯಾದರೆ ಇಳಿಯುತ್ತದೆ. ಅದಕ್ಕೇ ಬಲ್ಬಿನ ಕಾವಿಗೆ ಮುದುಕ ಎದ್ದು ಕೂರುತ್ತಿದ್ದದ್ದು. ಮೂರು ಜನ ರಿಪೇರಿಯವರಿಗೆ ಹೊಳೆಯದ್ದು ಲಗ್ನಪತ್ರಿಕೆ ಮಾಡುವವನಿಗೆ ಹೊಳೆದಿತ್ತು, ಕಾರಣ ಗೊತ್ತಿರಲಿಲ್ಲ ಅಷ್ಟೆ.

2000ದ ಸುಮಾರಿನಿಂದ ಏಳೆಂಟು ವರ್ಷ ಜಗತ್ತಿನಾದ್ಯಂತ ಮದರ್‌ಬೋರ್ಡುಗಳ ಕೆಪಾಸಿಟರುಗಳು ಹೀಗೆ ಉಬ್ಬಿ ಸತ್ತವು. ಇಎಸ್‌ಆರ್ ಕಮ್ಮಿ ಮಾಡಲು ದ್ರವಕ್ಕೆ ನೀರಿನ ಅಂಶ ಹೆಚ್ಚಿಸಿದ್ದರು. ನೀರು ಅಲ್ಯೂಮಿನಿಯಂ ತಿನ್ನುತ್ತದೆ, ತಿಂದು ಹೈಡ್ರೋಜನ್ ಬಿಡುತ್ತದೆ. ತಿನ್ನದ ಹಾಗೆ ತಡೆಯುವ ರಾಸಾಯನಿಕವನ್ನು ಸೇರಿಸಬೇಕು. ತೈವಾನಿನ ಹಲವು ತಯಾರಕರ ದ್ರವದಲ್ಲಿ ಅದು ಸರಿಯಾಗಿರಲಿಲ್ಲ. ಜಪಾನಿನ ಸೂತ್ರವನ್ನು ಯಾರೋ ಅರ್ಧಂಬರ್ಧ ಕದ್ದರು ಎಂಬ ಪತ್ತೇದಾರಿ ಕಥೆಯೂ ಆಗ ಓಡಾಡಿತ್ತು, ಸಾಬೀತಾಗಲಿಲ್ಲ. ಮಾವನ ಬೋರ್ಡಿನದು ಆ ಪಿಡುಗು ಅಂತ ನನಗನ್ನಿಸುವುದಿಲ್ಲ. ಅದಾಗಿದ್ದರೆ 2006ರೊಳಗೇ ಕಂತೆ ಒಗೆಯುತ್ತಿತ್ತು. ಅದೇ ಕಂಪನಿಯ ಕೆಪಾಸಿಟರುಗಳು ಬೋರ್ಡಿನ ದೂರದ ಮೂಲೆಯಲ್ಲಿ ನೆಟ್ಟಗಿದ್ದವು. ಸತ್ತವೆಲ್ಲ ಪ್ರೊಸೆಸರನ್ನು ತಣ್ಣಗಿಡುವ ಹೀಟ್‌ಸಿಂಕಿನ ಬಿಸಿಗಾಳಿ ಬಡಿಯುವ ಕಡೆಯವು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಾಗಿತ್ತು, ಎಳೆದರೆ ಇಡಿಯಾಗಿ ಬಂತು.

ಬಿಸಿಗೂ ಆಯುಸ್ಸಿಗೂ ಒಂದು ಸರಳ ಲೆಕ್ಕವಿದೆ. ಡಬ್ಬಿಯ ಮೇಲೆ 105 ಡಿಗ್ರಿ ಎಂದಿರುತ್ತದೆ, ಆ ಬಿಸಿಯಲ್ಲಿ ಇಷ್ಟು ಗಂಟೆ, ಉದಾಹರಣೆಗೆ 2000 ಗಂಟೆ, ಎಂದು ತಯಾರಕರು ಹೇಳಿರುತ್ತಾರೆ. ಪ್ರತಿ 10 ಡಿಗ್ರಿ ಇಳಿದರೆ ಆಯುಸ್ಸು ಎರಡು ಪಟ್ಟು. 65 ಡಿಗ್ರಿಯಲ್ಲಿ ಇಟ್ಟರೆ 32,000 ಗಂಟೆ. ಮೊದಮೊದಲು ದಿನಕ್ಕೆ ಹತ್ತು ಗಂಟೆ ದುಡಿದ ಕಂಪ್ಯೂಟರು 2012ರಲ್ಲಿ ಹೊಸತು ಬಂದ ಮೇಲೆ ದಿನಕ್ಕೆ ಒಂದೆರಡು ಗಂಟೆಗೆ ಇಳಿದಿತ್ತು. ಅದರಿಂದಲೇ ಇಲ್ಲಿಯವರೆಗೆ ಎಳೆದುಕೊಂಡು ಬಂದದ್ದು. ಈ ಎರಡು ಚಳಿಗಾಲದಲ್ಲಿ ಮಾವ "ಆರಿಸಿದ್ರೆ ತಾನೇ ತೊಂದ್ರೆ" ಅಂತ ಎಷ್ಟೋ ರಾತ್ರಿ ಆನ್ ಇಟ್ಟು ಉಳಿದ ಆಯುಸ್ಸನ್ನೂ ಸುಟ್ಟಿದ್ದರು.

ಹದಿನಾಲ್ಕು ಕೆಪಾಸಿಟರ್ ಬದಲಾಯಿಸುವುದೆಂದು ತೀರ್ಮಾನಿಸಿದೆ. 6.3 ವೋಲ್ಟಿನ 3300 ಮೈಕ್ರೋಫ್ಯಾರಡ್ (ಟ್ಯಾಂಕು ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಐದು, 16 ವೋಲ್ಟಿನ 1500 ಮೂರು, ರ‍್ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡ್ ಕೂರುವ ಎಜಿಪಿ ಸ್ಲಾಟಿನ ಹತ್ತಿರದ 1000 ಆರು. ಬೆಂಗಳೂರಿಗೆ ಬಂದವಳೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ "ಲೋ ಇಎಸ್‌ಆರ್ ಬೇಕು" ಅಂದೆ. ಹುಡುಗ ಕಣ್ಣು ಮಿಟುಕಿಸದೆ "ಎಲ್ಲಾ ಲೋನೇ ಮೇಡಂ" ಅಂತ ಒಂದು ಹಿಡಿ ಕೊಟ್ಟ. ಒಂದಕ್ಕೆ ಎಂಟು ರೂಪಾಯಿ. ಜಪಾನಿನ ಹೆಸರೇನೋ ಇತ್ತು, ಕೈಗೆ ಹಗುರ ಅನ್ನಿಸಿತು. ಲ್ಯಾಬಿನ ಟೆಸ್ಟರಿಗೆ ಹಾಕಿದರೆ 3300 ಅಂತ ಬರೆದದ್ದು 2100 ತೋರಿಸಿತು, ಇಎಸ್‌ಆರ್ ಇರಬೇಕಾದ್ದಕ್ಕಿಂತ ಆರೇಳು ಪಟ್ಟು. ಅವು ನನ್ನ ವಿದ್ಯಾರ್ಥಿಗಳ ಅಭ್ಯಾಸಕ್ಕಾದವು. ಆಮೇಲೆ ಬಿಲ್ ಕೊಡುವ ಡಿಸ್ಟ್ರಿಬ್ಯೂಟರಿಂದ ನಿಚಿಕಾನ್, ಪ್ಯಾನಾಸೋನಿಕ್ ತರಿಸಿದೆ. ಒಂದಕ್ಕೆ ಮೂವತ್ತರ ಹತ್ತಿರ ಬಿತ್ತು, ಕೊರಿಯರ್ ಸೇರಿ ಐನೂರು ಚಿಲ್ಲರೆ. ತರಿಸುವಾಗ ಅಳತೆ ನೋಡಿಕೊಳ್ಳಿ. ವೋಲ್ಟ್ ಹೆಚ್ಚಿದ್ದರೆ ನಡೆಯುತ್ತದೆ, ಕಮ್ಮಿ ಇರಬಾರದು. ಆದರೆ ವೋಲ್ಟ್ ಹೆಚ್ಚಿದಂತೆ ಡಬ್ಬಿ ದಪ್ಪವಾಗುತ್ತದೆ. ಇಲ್ಲಿ 10 ಮಿಲಿಮೀಟರಿಗಿಂತ ದಪ್ಪದ್ದು ಹೀಟ್‌ಸಿಂಕಿನ ಚೌಕಟ್ಟಿಗೆ ತಗುಲುತ್ತಿತ್ತು.

ಮುಂದಿನ ಶನಿವಾರ ರೈಲು ಹತ್ತಿ ಮತ್ತೆ ತಿಪಟೂರು. ಅತ್ತೆ ಊಟದ ಟೇಬಲ್ಲಿನ ಮೇಲೆ ಹಳೆಯ ಪೇಪರ್ ಹಾಸಿಕೊಟ್ಟರು.

ಮೊದಲ ಗಂಡಾಂತರ ಹೀಟ್‌ಸಿಂಕು. ಆ ಕಾಲದ ಪೆಂಟಿಯಂ 4ರಲ್ಲಿ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿದ ಪೇಸ್ಟು ಒಣಗಿ ಎಷ್ಟು ಗಟ್ಟಿ ಹಿಡಿದಿರುತ್ತದೆ ಅಂದರೆ, ಹೀಟ್‌ಸಿಂಕ್ ಎಳೆದರೆ ಪ್ರೊಸೆಸರು ಬೀಗ ಹಾಕಿದ ಸಾಕೆಟ್ಟಿನಿಂದಲೇ ಕಿತ್ತುಕೊಂಡು ಬರುತ್ತದೆ. 478 ಪಿನ್ನುಗಳಲ್ಲಿ ನಾಲ್ಕು ಸೊಟ್ಟಗಾದರೂ ಆ ದಿನ ಹಾಳು. ಕಂಪ್ಯೂಟರನ್ನು ಕಾಲು ಗಂಟೆ ಓಡಿಸಿ ಪೇಸ್ಟು ಮೆತ್ತಗಾದ ಮೇಲೆ, ಎತ್ತದೆ, ಡಬ್ಬಿಯ ಮುಚ್ಚಳದ ಹಾಗೆ ಆ ಕಡೆ ಈ ಕಡೆ ತಿರುಗಿಸಿ ಬಿಡಿಸಬೇಕು. ಓಡಿಸಲು ಅದು ಆನ್ ಆಗಬೇಕಲ್ಲ! ಮಾವ ಹೆಮ್ಮೆಯಿಂದ ಬಲ್ಬು ತಂದರು.

ಬೋರ್ಡು ಹೊರಗೆ ಬಂದ ಮೇಲೆ ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದೆ. ಆಮೇಲೆ ಮಲ್ಟಿಮೀಟರಿನಿಂದ ಪ್ರತಿ ಕೆಪಾಸಿಟರಿನ ಯಾವ ಕಾಲು ಗ್ರೌಂಡಿಗೆ, ಅಂದರೆ ಮೈನಸ್ಸಿಗೆ, ಹೋಗಿದೆ ಅಂತ ಸ್ಕ್ರೂ ತೂತಿಗೆ ಮುಟ್ಟಿಸಿ ನೋಡಿ ಕಾಗದದಲ್ಲಿ ಬರೆದುಕೊಂಡೆ. ಬೋರ್ಡಿನ ಮೇಲೆ ಅರ್ಧ ವೃತ್ತಕ್ಕೆ ಬಿಳಿ ಬಣ್ಣ ತುಂಬಿರುತ್ತಾರೆ, ಸಾಮಾನ್ಯವಾಗಿ ಅದು ಮೈನಸ್ ಕಡೆ. ಸಾಮಾನ್ಯವಾಗಿ ಮಾತ್ರ. ಅದನ್ನೇ ಪ್ಲಸ್ಸಿಗೆ ಗುರುತಾಗಿ ಹಾಕಿದ ಬೋರ್ಡುಗಳೂ ಇವೆ. ಗುರುತು ನಂಬಿ ನಾನೇ ಒಮ್ಮೆ ಲ್ಯಾಬಿನಲ್ಲಿ ಉಲ್ಟಾ ಹಾಕಿದ್ದೆ. ಹುಡುಗರ ಎದುರಿಗೇ ಟಪ್ಪೆಂದು ಸಿಡಿದು, ಕೋಣೆ ತುಂಬಾ ಕೊಳೆತ ಮೀನಿನ ನಾತ. ಆ ಬ್ಯಾಚಿನ ಹುಡುಗರು ಇವತ್ತಿಗೂ ಸಿಕ್ಕಿದರೆ ಮೂಗು ಮುಚ್ಚಿಕೊಂಡೇ ನಮಸ್ಕಾರ ಮಾಡುತ್ತಾರೆ.

ಕೀಳುವುದು ಕಷ್ಟವಲ್ಲ. ಹಳೆಯ ಬೆಸುಗೆಯ ಮೇಲೆ ಸ್ವಲ್ಪ ಹೊಸ ಸೀಸದ ಬೆಸುಗೆ ಕೊಟ್ಟು, ಒಂದು ಕಾಲು ಕಾಯಿಸಿ ಕೆಪಾಸಿಟರನ್ನು ಕೊಂಚ ವಾಲಿಸುವುದು, ಇನ್ನೊಂದು ಕಾಲು ಕಾಯಿಸಿ ಈ ಕಡೆ ವಾಲಿಸುವುದು. ಕುಡುಕನ ಹಾಗೆ ಅತ್ತ ಇತ್ತ ತೂಗಾಡುತ್ತಾ ಮೂರು ನಾಲ್ಕು ಸುತ್ತಿನಲ್ಲಿ ಈಚೆ ಬರುತ್ತದೆ. ಕಷ್ಟ ಶುರುವಾಗುವುದು ಆಮೇಲೆ, ತೂತು ಬಿಡಿಸುವಾಗ. ಪ್ಲಸ್ ಕಡೆಯದು ಬೆಸುಗೆ ಹೀರುವ ಪಂಪ್ ಇಟ್ಟು ಎಳೆದರೆ ಬಂದುಬಿಡುತ್ತದೆ. ಮೈನಸ್ ಕಡೆಯದು ಬೋರ್ಡಿನ ಹೊಟ್ಟೆಯಲ್ಲಿರುವ ಇಡೀ ತಾಮ್ರದ ಹಾಳೆಗೆ ಸೇರಿಕೊಂಡಿದೆ. ಸಾಲ್ಡರಿಂಗ್ ಐರನ್ ಕೊಟ್ಟ ಬಿಸಿಯನ್ನೆಲ್ಲ ಆ ಹಾಳೆ ಕುಡಿಯುತ್ತದೆ. 25 ವ್ಯಾಟಿನ ಐರನ್ ಇಟ್ಟರೆ ಬೆಸುಗೆ ಕರಗುವುದಿರಲಿ, ಐರನ್ನಿನ ತುದಿಯೇ ಅಂಟಿಕೊಂಡು ನಿಲ್ಲುತ್ತದೆ. 60 ವ್ಯಾಟಿನದು, ಉಳಿಯಂಥ ಅಗಲ ಬಾಯಿಯದು, ತಂದಿದ್ದೆ. ಆದರೂ ಐದರಲ್ಲಿ ಮೂರು ತೂತು ಜಗ್ಗಲಿಲ್ಲ.

ಅತ್ತೆಯ ಹತ್ತಿರ ಸೂಜಿ ಕೇಳಿದೆ. ಕೆಳಗಿಂದ ಐರನ್ ಇಟ್ಟು ಮೇಲಿಂದ ಸೂಜಿ ತೂರಿಸಿದರೆ ತೂತು ಬಿಡುತ್ತದೆ ಅನ್ನುವುದು ಲೆಕ್ಕ. ಬಿಟ್ಟಿತು. ಐರನ್ ತೆಗೆದೆ, ಬೆಸುಗೆ ಹೆಪ್ಪುಗಟ್ಟಿತು, ಸೂಜಿ ಬೋರ್ಡಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಅಂಟಿಕೊಂಡಿದೆ. ಅತ್ತೆ ಅಡುಗೆಮನೆಯಿಂದ ಬಗ್ಗಿ ನೋಡಿ, "ರವಿಕೆಗೆ ಹುಕ್ಕು ಹಾಕೋ ಸೂಜಿ ಕಣೆ ಅದು, ಒಂದೇ ಇರೋದು" ಅಂದರು. ಅದನ್ನು ಬಿಡಿಸಲು ಹತ್ತು ನಿಮಿಷ ಹೋಯಿತು. ಸ್ಟೇನ್‌ಲೆಸ್ ಸ್ಟೀಲಿಗೆ ಬೆಸುಗೆ ಹತ್ತುವುದಿಲ್ಲ ಅನ್ನುವುದು ಆಗ ನೆನಪಾಗಬೇಕೇ? ಮಾವ ಮೆಡಿಕಲ್ ಶಾಪಿಗೆ ಹೋಗಿ ಇಂಜೆಕ್ಷನ್ ಸೂಜಿ ತಂದರು, ಅರದಿಂದ ಮೊನೆ ಮೊಂಡು ಮಾಡಿದೆ. ಈ ಸಲ ಐರನ್ ಇಟ್ಟು ಹದಿನೈದರವರೆಗೆ ಎಣಿಸಿ, ಬೆಸುಗೆ ಹೊಳಪಾದ ಕ್ಷಣಕ್ಕೆ ಸೂಜಿಯನ್ನು ಬೆರಳಲ್ಲಿ ಹೊರಳಿಸುತ್ತಾ ಒತ್ತಿದೆ. ಐರನ್ ತೆಗೆದ ಮೇಲೂ ಹೊರಳಿಸುವುದನ್ನು ಬಿಡಲಿಲ್ಲ. ಬೆಸುಗೆ ಆರಿತು, ಸೂಜಿ ಮಾತ್ರ ಸಲೀಸಾಗಿ ತಿರುಗುತ್ತಿತ್ತು. ಎಳೆದಾಗ ಟೇಬಲ್ಲಿನ ಮೇಲಿದ್ದ ಪೇಪರಿನ ಅಕ್ಷರ ತೂತಿನಲ್ಲಿ ಕಂಡಿತು. ಇಲ್ಲಿ ಅವಸರ ಬಿದ್ದು ಡ್ರಿಲ್ ಹಾಕಿದವರ ಬೋರ್ಡುಗಳನ್ನು ನೋಡಿದ್ದೇನೆ. ತೂತಿನ ಒಳಗೋಡೆಯ ತಾಮ್ರ ಕಿತ್ತುಹೋದರೆ ಒಳಪದರಗಳ ಸಂಪರ್ಕ ಹೋಯಿತು, ಆಮೇಲೆ ಬ್ರಹ್ಮನಿಂದಲೂ ಆಗುವುದಿಲ್ಲ.

ಹೊಸ ಹದಿನಾಲ್ಕು ಕೂರಿಸಲು ಒಂದು ಗಂಟೆ ಸಾಕಾಯಿತು. ಕಿತ್ತವುಗಳನ್ನು ಟೆಸ್ಟರಿಗೆ ಹಾಕಿ ಮಾವನಿಗೆ ತೋರಿಸಿದೆ. 3300ರ ಜಾಗದಲ್ಲಿ ಒಂದು 190 ತೋರಿಸಿತು, ಇನ್ನೊಂದನ್ನು ಟೆಸ್ಟರು ಕೆಪಾಸಿಟರ್ ಎಂದೇ ಒಪ್ಪಿಕೊಳ್ಳಲಿಲ್ಲ, ರೆಸಿಸ್ಟರ್ ಅಂದಿತು. ಮಾವ ಹದಿನಾಲ್ಕನ್ನೂ ಗುಂಡುಸೂಜಿ ಡಬ್ಬಿಗೆ ಹಾಕಿಟ್ಟುಕೊಂಡರು. ಯಾತಕ್ಕೆ ಅಂತ ಕೇಳಲಿಲ್ಲ.

ಕ್ಯಾಬಿನೆಟ್ಟಿಗೆ ಹಾಕದೆ, ರಟ್ಟಿನ ಮೇಲೆ ಬೋರ್ಡಿಟ್ಟು, ಹೊಸ ಪೇಸ್ಟು, ಕಂಪ್ಯೂಟರನ್ನು ಶುರು ಮಾಡಿಸುವ ಬಯೋಸಿಗೆ ಹೊಸ ಬಟನ್ ಸೆಲ್ಲು ಹಾಕಿ, ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಲ್ಲಿ ಮುಟ್ಟಿಸಿದೆ. ಫ್ಯಾನ್ ತಿರುಗಿತು. ಒಂದು, ಎರಡು. ಬೀಪ್. ತಾರೀಕು ತಪ್ಪಿದೆ, ಎಫ್1 ಒತ್ತು ಅಂತ ಬಂತು. ಬಯೋಸಿನಲ್ಲಿ ಪ್ರೊಸೆಸರಿನ ವೋಲ್ಟೇಜು 1.50 ಮತ್ತು 1.52ರ ನಡುವೆ ನಿಂತಿತ್ತು. ಅತ್ತೆ ಕಾಫಿ ಇಟ್ಟು ಹೋದದ್ದು ಆರಿ ನೀರಾಗಿತ್ತು.

ನಿಜವಾದ ಪರೀಕ್ಷೆ ಮರುದಿನ. ರಾತ್ರಿ ಆರಿಸಿ, ಬೆಳಗಿನ ಆರು ಗಂಟೆಗೆ, ಹೊರಗೆ ಮಂಜು ಬೀಳುವಾಗ, ಇಬ್ಬರೂ ಸ್ವೆಟರ್ ಹಾಕಿಕೊಂಡು ಅಂಗಡಿ ಬಾಗಿಲು ತೆರೆದೆವು. ಮಾವನೇ ಒತ್ತಿದರು. ಮೊದಲ ಸಲಕ್ಕೇ ಬಂತು. ಆರಿಸಿ ಮತ್ತೆ ಒತ್ತಿದರು. ಬಂತು. ನಂಬಿಕೆಯಾಗದೆ ಐದು ಸಲ ಒತ್ತಿದರು. ಹೋಗುವ ಮುಂಚೆ ಹಾರ್ಡ್‌ಡಿಸ್ಕಿನದನ್ನೆಲ್ಲ ಪೂರ್ತಿಯಾಗಿ ಹೊಸದೊಂದಕ್ಕೆ ನಕಲು ಮಾಡಿ ಕೊಟ್ಟೆ. 40 ಜಿಬಿಯ ಆ ಡಿಸ್ಕು ಕೆಪಾಸಿಟರಿನ ಹಾಗೆ ಮುನ್ಸೂಚನೆ ಕೊಟ್ಟು ಸಾಯುವ ಜಾತಿಯದಲ್ಲ.

ಸಂಕ್ರಾಂತಿ ಕಳೆದು ಲಗ್ನಗಳ ಗಲಾಟೆ ಶುರುವಾದ ಮೇಲೆ ಮಾವನ ಫೋನ್ ಬಂತು. ಕಂಪ್ಯೂಟರ್ ಹೇಗಿದೆ ಅಂದರೆ ಅದರ ಮಾತೇ ಇಲ್ಲ.

"ಪಕ್ಕದ ಫೋಟೋ ಸ್ಟುಡಿಯೋದವನತ್ರ ಒಂದ್ ಹಳೇದು ಐತೆ ಕಣೆ. ಬೆಳಿಗ್ಗೆ ಏಳಲ್ವಂತೆ. ನಾನು ಬಲ್ಬ್ ಇಟ್ಟು ನೋಡ್ದೆ, ಹತ್ತೇ ನಿಮಿಷಕ್ಕೆ ಎದ್ದು ಕೂತ್ಕೊಂತು. ಕೆಪಾಸಿಟರೇ. ಯಾವಾಗ ಬರ್ತೀಯ?"